ಪೌಚ್ ತರಿಸುವ ಮೊದಲು ಮೋಡಕಾ ಅಂಗಡಿಗೆ ಹೋಗಿ ಬನ್ನಿ

ಹೊಸದಾಗಿ ರೊಟ್ಟಿ, ಹಿಂಡಿ (ಚಟ್ನಿಪುಡಿ) ಮಾರಲು ಶುರು ಮಾಡಿದವರು ನನಗೆ ಫೋನ್ ಹಚ್ಚಿದರೆ ಮೊದಲು ಕೇಳುವುದು ಒಂದೇ ಮಾತು: “ಪೌಚ್ ಎಲ್ಲಿಂದ ತರಿಸ್ತೀರಿ ಅಕ್ಕಾರ?” ಪೌಚಿನ ಮಾತು ಆಮೇಲೆ, ಮೊದಲು ನಿಮ್ಮೂರಿನ ಮೋಡಕಾ (ಗುಜರಿ) ಅಂಗಡಿಯಲ್ಲಿ ಒಂದು ತಾಸು ಕೂತು ಬನ್ನಿ ಅಂದರೆ ನಕ್ಕುಬಿಡುತ್ತಾರೆ. ನನಗೂ ಆ ಬುದ್ಧಿ ಬಂದದ್ದು ಎರಡು ಸಾವಿರ ಪೌಚ್ ದಂಡ ಮಾಡಿಕೊಂಡ ಮೇಲೆಯೇ.

ನಾವು ವಿಜಯಪುರದಲ್ಲಿ ಹನ್ನೊಂದು ಮಂದಿ ಹೆಂಗಸರು, ಅಥಣಿ ರಸ್ತೆಯ ಕಡೆ ಎರಡು ಖೋಲಿ ಬಾಡಿಗೆ ಹಿಡಿದಿದ್ದೇವೆ. ಒಂದರಲ್ಲಿ ಒಲೆ, ಹೆಂಚು, ಹಿಟ್ಟು ನಾದುವ ಕೊಣಮಿಗೆ. ಇನ್ನೊಂದರಲ್ಲಿ ಮಿಕ್ಸರ್, ತಕ್ಕಡಿ, ಸೀಲ್ ಮಾಡುವ ಮಷೀನು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಇಷ್ಟೇ ನಮ್ಮ ಮಾಲು. ಹೆಚ್ಚಿನದು ಊರಲ್ಲೇ ಖಾನಾವಳಿಗಳಿಗೆ, ಮನೆಗಳಿಗೆ ಹೋಗುತ್ತದೆ. ಸ್ವಲ್ಪ ಸೊಲ್ಲಾಪುರಕ್ಕೆ, ಹಬ್ಬ ಬಂದರೆ ಬೆಂಗಳೂರಿಗೆ.

ಶುರುವಿನಲ್ಲಿ ಹಿಂಡಿಗೆ ಖಾಕಿ ಕಾಗದದ ಪೌಚ್ ತರಿಸಿದ್ದೆ. ಮುಂದೊಂದು ಸಣ್ಣ ಕಿಟಕಿ, ಮೇಲೆ ಜಿಪ್. ನೋಡಿದವರೆಲ್ಲ “ಪ್ಲಾಸ್ಟಿಕ್ ಬಿಟ್ಟೀರಿ, ಭಾಳ ಚಲೋ ಆತು” ಅಂದರು. ಎರಡನೇ ಸಲ ತರಿಸಿದಾಗ 200 ಗ್ರಾಂ ಇರಬೇಕಾದ ಕಡೆ 250 ಗ್ರಾಂ ಅಂತ ಅಚ್ಚಾಗಿ ಬಂತು. ತೂಕ ತಪ್ಪಿದ ಪೌಚಿನಲ್ಲಿ ಮಾಲು ತುಂಬಿ ಮಾರುವಂತಿಲ್ಲ. ರದ್ದಿಗಾದರೂ ಹೋಗಲಿ ಅಂತ ಗಂಟು ಕಟ್ಟಿಕೊಂಡು ಮೋಡಕಾ ಅಂಗಡಿಯ ಚಾಚಾ ಮುಂದೆ ಇಟ್ಟೆ. ಅವರು ಒಂದು ಪೌಚ್ ಎತ್ತಿ, ಕಿವಿಯ ಹತ್ತಿರ ಹಿಡಿದು ಹಿಸುಕಿ ಸಪ್ಪಳ ಕೇಳಿದರು. ಹರಿದರು. ಹರಿದ ಅಂಚನ್ನು ಉಗುರಿನಿಂದ ಕೆದರಿ, ಗಂಟನ್ನು ನನ್ನ ಕಡೆಗೇ ತಳ್ಳಿದರು.

“ಇದು ಯಾವ ಕೆಲಸಕ್ಕೂ ಬರೂದಿಲ್ಲವಾ ತಂಗಿ. ಕಾಗದದವ್ರೂ ಒಲ್ಲೆ ಅಂತಾರ, ಪ್ಲಾಸ್ಟಿಕ್‌ನವ್ರೂ ಒಲ್ಲೆ ಅಂತಾರ. ಇದಕ್ಕಿಂತ ಹಾಲಿನ ಪಾಕೀಟು ತಂದಿದ್ರ ರೊಕ್ಕ ಕೊಡ್ತಿದ್ದೆ.”

ನಾನು ಪ್ಲಾಸ್ಟಿಕ್ ಬಿಟ್ಟೆನೆಂದು ಬೀಗುತ್ತಿದ್ದೆ. ಅವರು ಹಾಲಿನ ಪಾಕೀಟೇ ಮೇಲು ಅಂದರು.

ಆ ರಾತ್ರಿ ಒಂದು ಪೌಚನ್ನು ನಾಲ್ಕು ತುಂಡು ಮಾಡಿ ಬಕೆಟ್ ನೀರಿಗೆ ಹಾಕಿಟ್ಟೆ. ಬೆಳಿಗ್ಗೆ ಮೇಲಿನ ಖಾಕಿ ಕಾಗದ ಮೆತ್ತಗಾಗಿ ಬೆರಳಿಗೆ ಬಂತು. ಅದರ ಕೆಳಗೆ ಬೆಳ್ಳಿಯಂತೆ ಹೊಳೆಯುವ ತೆಳು ಹಾಳೆ. ಅದನ್ನು ಸೂಜಿಯಿಂದ ಎಬ್ಬಿಸಿದರೆ ಅದಕ್ಕೆ ಕಚ್ಚಿಕೊಂಡು ಇನ್ನೊಂದು, ನೀರಿನ ಬಣ್ಣದ ಪ್ಲಾಸ್ಟಿಕ್ ಹಾಳೆ. ನಾನು ಕಾಗದವೆಂದು ತಿಳಿದದ್ದು ಮೂರು ಸರಕುಗಳನ್ನು ಮತ್ತೆಂದೂ ಬಿಡದಂತೆ ಕೂಡಿಸಿ ಅಂಟಿಸಿದ್ದಾಗಿತ್ತು. ಒಂದೊಂದಾಗಿ ಇದ್ದಿದ್ದರೆ ಮೂರಕ್ಕೂ ಗಿರಾಕಿ ಇರುತ್ತಿದ್ದರು.

ಈ ಬಕೆಟ್ ಪರೀಕ್ಷೆಯನ್ನು ನೀವೂ ಮಾಡಿ. ಪೌಚ್ ಮಾರುವವರು ಸ್ಯಾಂಪಲ್ ಕಳಿಸುತ್ತಾರೆ, ಆರ್ಡರ್ ಕೊಡುವ ಮೊದಲೇ ಮುಳುಗಿಸಿ ನೋಡಿ. ಅದೇ ನೀರಿನಲ್ಲಿ ಇನ್ನೊಂದು ಪರೀಕ್ಷೆಯೂ ಆಗುತ್ತದೆ. ಪ್ಲಾಸ್ಟಿಕ್ಕಿನ ಸಣ್ಣ ಚೂರಿಗೆ ಗಾಳಿಗುಳ್ಳೆ ಅಂಟದಂತೆ ಸ್ವಲ್ಪ ಸಾಬೂನು ಸವರಿ ತಳದವರೆಗೆ ಒತ್ತಿ ಬಿಡಿ. ತೇಲಿ ಬಂದರೆ ಪಾಲಿಥೀನ್ ಅಥವಾ ಪಾಲಿಪ್ರೊಪಿಲಿನ್. ತಳದಲ್ಲೇ ಕೂತರೆ ನೀರಿನ ಬಾಟಲಿಯ ಪೆಟ್, ಪೈಪಿನ ಪಿವಿಸಿ ಅಂಥವು. ಪ್ಲಾಸ್ಟಿಕ್ ಕರಗಿಸುವ ಕಾರ್ಖಾನೆಗಳಲ್ಲೂ ಹೀಗೇ ನೀರಿನಲ್ಲಿ ಬೇರೆ ಮಾಡುತ್ತಾರೆ. ಪೆಟ್ ಬಾಟಲಿ ಮುಳುಗುತ್ತದೆ, ಅದರ ಮುಚ್ಚಳ ತೇಲುತ್ತದೆ, ಹಾಗಾಗಿ ಆ ಜೋಡಿಗೆ ತೊಂದರೆ ಇಲ್ಲ. ಆದರೆ ಪೆಟ್ ಬಾಟಲಿಗೆ ಪಿವಿಸಿಯ ಬಿಗಿ ಕವಚ ತೊಡಿಸಿದರೆ ಎರಡೂ ಮುಳುಗುತ್ತವೆ, ಮತ್ತು ಚೂರು ಪಿವಿಸಿ ಸೇರಿದರೂ ಕರಗಿಸಿದ ಪೆಟ್ ಕೆಡುತ್ತದೆ. ಶರಬತ್ತು ಮಾರುವವರು ಇದನ್ನು ನೆನಪಿಡಬೇಕು. ಪ್ಲಾಸ್ಟಿಕ್ ಡಬ್ಬಿ, ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 7 ಎಂಬ ಅಂಕಿ ಕಂಡರೆ ‘ಇತರೆ’ ಅಂತ ಅರ್ಥ. ಬೆರಕೆ ಸರಕಿಗೂ ಅದೇ ಅಂಕಿ.

ನಿಮ್ಮ ಮಾಲಿಗೆ ಯಾರು ವೈರಿ?

ಆ ಪದರಗಳನ್ನು ಸುಮ್ಮನೆ ಹಾಕಿರುವುದಿಲ್ಲ. ಕಾಗದ ಅಂದಕ್ಕೆ ಮತ್ತು ಪೌಚ್ ನಿಲ್ಲುವುದಕ್ಕೆ. ಬೆಳ್ಳಿ ಹಾಳೆ ಗಾಳಿ, ಬೆಳಕು ತಡೆಯುವುದಕ್ಕೆ. ಒಳಗಿನ ಪಾಲಿಥೀನ್ ಬಿಸಿಗೆ ಕರಗಿ ಬಾಯಿ ಮುಚ್ಚುವುದಕ್ಕೆ. ನಮ್ಮ ಮಾಲಿಗೆ ಇವುಗಳಲ್ಲಿ ಯಾವುದು ಬೇಕು ಎನ್ನುವುದನ್ನು ನಾವೇ ಕೂತು ಯೋಚಿಸಬೇಕು. ಮಾರುವವರು ಎಲ್ಲರಿಗೂ ಎಲ್ಲವನ್ನೂ ಹಾಕಿ ಕೊಡುತ್ತಾರೆ.

ಕಡಕ್ ರೊಟ್ಟಿಗೆ ವೈರಿ ತೇವ. ಎಣ್ಣೆಯ ಹನಿ ಇಲ್ಲದ ಮಾಲು, ಗಾಳಿಗೆ ಕಮಟುವ ಭಯ ಕಡಿಮೆ. ತೇವ ತಡೆಯಲು ಬರಿ ಪಾಲಿಥೀನ್ ಸಾಕು, ಆ ಕೆಲಸದಲ್ಲಿ ಅದು ಜಾಣ. ಹಿಂಡಿಗೆ ವೈರಿ ಗಾಳಿ ಮತ್ತು ಬೆಳಕು. ಶೇಂಗಾ, ಗುರೆಳ್ಳು, ಅಗಸಿ ಎಲ್ಲವೂ ಎಣ್ಣೆಕಾಳು, ಕುಟ್ಟಿದ ಮೇಲೆ ದಿನಕಳೆದಂತೆ ಕಮಟು ಹಿಡಿಯುತ್ತವೆ. ಪಾಲಿಥೀನ್ ತೇವ ತಡೆದರೂ ಗಾಳಿಯನ್ನು ನಿಧಾನಕ್ಕೆ ಒಳಗೆ ಬಿಡುತ್ತದೆ. ಬೆಳ್ಳಿ ಹಾಳೆ ಬರುವುದು ಇಲ್ಲಿ.

ಇಲ್ಲಿ ನಾನು ಬಹಳ ದಿನ ತಲೆ ಕೆಡಿಸಿಕೊಂಡೆ. ಬೆಳ್ಳಿ ಹಾಳೆ ಬಿಟ್ಟರೆ ಹಿಂಡಿ ಆರು ತಿಂಗಳು ಉಳಿಯುವುದಿಲ್ಲ, ಹಾಕಿದರೆ ಪೌಚ್ ತಿಪ್ಪೆಗೆ. ಕೊನೆಗೆ ನಮ್ಮಲ್ಲಿ ಲೆಕ್ಕ ಬರೆಯುವ ಹುಡುಗಿ ಕೇಳಿದಳು, “ವೈನಿ, ನಮ್ಮ ಹಿಂಡಿ ಆರು ತಿಂಗಳು ಯಾರ ಮನ್ಯಾಗ ಉಳಿತೈತ್ರಿ?” ವಹಿ ತೆಗೆದು ನೋಡಿದರೆ ಹೌದು, ಒಂದು ಪೌಚ್ ಒಯ್ದವರು ಮೂರನೇ ವಾರಕ್ಕೆ ಮತ್ತೆ ಬಂದಿದ್ದಾರೆ. ಆರು ತಿಂಗಳು ಇಡುವ ಮಾಲು ಮಾಡುತ್ತಿದ್ದದ್ದು ನಮ್ಮ ಅನುಕೂಲಕ್ಕೆ, ಒಮ್ಮೆಲೇ ಕ್ವಿಂಟಲ್‌ಗಟ್ಟಲೆ ಹುರಿದು ಇಡುವುದಕ್ಕೆ. ಈಗ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಆರ್ಡರ್ ಎಷ್ಟೋ ಅಷ್ಟೇ ಹುರಿಯುತ್ತೇವೆ. ಲೇಬಲ್ಲಿನ ಮೇಲೆ ಮೂವತ್ತು ದಿನ ಅಂತ ಬರೆಯುತ್ತೇವೆ. ಬೆಳ್ಳಿ ಹಾಳೆ ತಾನಾಗಿ ಬಿದ್ದುಹೋಯಿತು. ಪೌಚನ್ನು ಬದಲಿಸುವ ಮೊದಲು ಹುರಿಯುವ ದಿನವನ್ನು ಬದಲಿಸಿ ನೋಡಿ, ಬಹಳ ಸಲ ಅದೇ ಸೋವಿ ಬೀಳುತ್ತದೆ.

ರೊಟ್ಟಿಗೂ ಇಂಥದ್ದೇ ಒಂದು ಉಪಾಯ ಸಿಕ್ಕಿತು. ನಮ್ಮೂರಿನ ಒಣ ಹವೆಯಲ್ಲಿ ಗರಿಗರಿ ಇದ್ದ ರೊಟ್ಟಿ ಮಳೆಗಾಲದ ಬೆಂಗಳೂರಿನಲ್ಲಿ ಪ್ಯಾಕೆಟ್ ಬಿಚ್ಚಿದ ಮರುದಿನ ಮೆತ್ತಗಾಗುತ್ತಿತ್ತು. ಇನ್ನೂ ದಪ್ಪ ಹಾಳೆ, ಒಳಗೊಂದು ತೇವ ಹೀರುವ ಪುಡಿಯ ಪಾಕೀಟು ಹಾಕಿ ಅಂತ ಸಲಹೆ ಬಂದವು. ನಾವು ಲೇಬಲ್ಲಿನ ಮೇಲೆ ಒಂದು ಸಾಲು ಸೇರಿಸಿದೆವು: ‘ಮೆತ್ತಗಾದರೆ ಸಣ್ಣ ಉರಿಯಲ್ಲಿ ಹೆಂಚಿನ ಮೇಲೆ ಎರಡು ನಿಮಿಷ ಇಡಿ.’ ದೂರು ನಿಂತವು. ನಮ್ಮ ಕಡೆ ಯಾವ ಮುದುಕಿಗೂ ಗೊತ್ತಿರುವ ವಿಷಯ, ಬೆಂಗಳೂರಿನ ಹುಡುಗರಿಗೆ ಯಾರೂ ಹೇಳಿರಲಿಲ್ಲ ಅಷ್ಟೇ.

ಹಾಳೆ ಆರಿಸುವಾಗ ಒಂದು ಎಚ್ಚರ. ಗಾಜಿನಂತೆ ಹೊಳೆಯುವ, ಚರಚರ ಸಪ್ಪಳ ಮಾಡುವ ಪಾಲಿಪ್ರೊಪಿಲಿನ್ ಹಾಳೆ ಕಣ್ಣಿಗೆ ಚಂದ, ಆದರೆ ಕಡಕ್ ರೊಟ್ಟಿಯ ಅಂಚು ಬ್ಲೇಡಿನಂಥದ್ದು. ಒಂದು ಕಡೆ ಚುಚ್ಚಿತೆಂದರೆ ಆ ಹಾಳೆ ಉದ್ದಕ್ಕೂ ಸೀಳುತ್ತದೆ. ಮೆತ್ತನೆಯ ಪಾಲಿಥೀನ್ ಚುಚ್ಚಿದರೆ ಜಗ್ಗುತ್ತದೆ, ಬೇಗ ಸೀಳುವುದಿಲ್ಲ. ಅದರ ಮೇಲೆ ಅಚ್ಚು ಕಡಿಮೆ ಇರಲಿ. ಬಣ್ಣ ತುಂಬಿದ ಹಾಳೆಗಿಂತ ನೀರಿನ ಬಣ್ಣದ್ದಕ್ಕೆ ಮೋಡಕಾದಲ್ಲಿ ಒಳ್ಳೆ ರೇಟು. ಸ್ಟಿಕ್ಕರ್ ಅಂಟಿಸುವುದಾದರೆ ಅದೂ ಪಾಲಿಥೀನ್‌ನದ್ದೇ ಆಗಿರಲಿ, ಕಾಗದದ ಸ್ಟಿಕ್ಕರ್ ಅಂಟಿಸಿದರೆ ಮತ್ತೆ ಬೆರಕೆಯಾಯಿತು.

ರೊಟ್ಟಿಯನ್ನೇ ಸಣ್ಣದು ಮಾಡಿದ್ದು

ಉದ್ಯಮದ ತರಬೇತಿಯೊಂದರಲ್ಲಿ ವರ್ತುಲ ಆರ್ಥಿಕತೆ ಅಂತ ಒಂದು ದೊಡ್ಡ ಚಿತ್ರ ತೋರಿಸಿದ್ದರು, ಒಂದರೊಳಗೊಂದು ಬಳೆಗಳಿದ್ದಂತೆ. ಹೊರಗಿನ ಬಳೆ ಎಂದರೆ ಕರಗಿಸಿ ಹೊಸದು ಮಾಡುವುದು. ಒಳಗಿನ ಬಳೆ ಎಂದರೆ ಇದ್ದದ್ದನ್ನು ಇದ್ದಂತೆ ತೊಳೆದು ಮತ್ತೆ ಬಳಸುವುದು. ಒಳಗಿನದೇ ಲಾಭದ್ದು, ಯಾಕೆಂದರೆ ಕರಗಿಸುವ ಖರ್ಚಿಲ್ಲ. ನನಗೆ ಕೂಡಲೇ ಗೋಲಿ ಸೋಡಾ ನೆನಪಾಯಿತು. ಹಿರಾಮ್ ಕಾಡ್ ಎಂಬ ಇಂಗ್ಲೆಂಡಿನವನು 1872ರಲ್ಲಿ ಪೇಟೆಂಟ್ ಮಾಡಿಸಿದ ಬಾಟಲಿ ಅದು. ಒಳಗಿನ ಗ್ಯಾಸೇ ಗೋಲಿಯನ್ನು ಕುತ್ತಿಗೆಗೆ ಒತ್ತಿ ಹಿಡಿಯುತ್ತದೆ, ಬೇರೆ ಮುಚ್ಚಳವೇ ಬೇಡ. ಮನೆಗೆ ಒಯ್ದರೆ ಎಣ್ಣೆ ತುಂಬಲಿಕ್ಕೂ ಬರುವುದಿಲ್ಲ, ನೀರು ತುಂಬಲಿಕ್ಕೂ ಬರುವುದಿಲ್ಲ. ಹಾಗಾಗಿ ಅಂಗಡಿಯಲ್ಲೇ ನಿಂತು ಕುಡಿದು ಕೊಟ್ಟು ಹೋಗುತ್ತಿದ್ದೆವು.

ಹಾಗೇ ತಿರುಗಿ ಬರಲಿ ಅಂತ ರೊಟ್ಟಿಗೆ ನಾವು ಸ್ಟೀಲ್ ಡಬ್ಬಿ ಹಿಡಿದೆವು. ಮೊದಲ ತೊಡಕು: ನಮ್ಮ ರೊಟ್ಟಿ ಹತ್ತು ಇಂಚು, ಭಾಂಡಿ (ಪಾತ್ರೆ) ಅಂಗಡಿಯಲ್ಲಿ ಸುಲಭವಾಗಿ ಸಿಗುವ ಡಬ್ಬಿಯ ಬಾಯಿ ಒಂಬತ್ತು ಇಂಚು. ದೊಡ್ಡ ಡಬ್ಬಿ ಮಾಡಿಸಿದರೆ ಬೆಲೆ ದುಪ್ಪಟ್ಟು. ನಾನು ರೊಟ್ಟಿಯನ್ನು ಎಂಟು ಇಂಚಿಗೆ ಇಳಿಸೋಣ ಅಂದೆ. ನಮ್ಮ ಅತ್ತೆಯವರು ಹೆಂಚಿನ ಮುಂದಿಂದ ಏಳದೆಯೇ ಹೇಳಿದರು, “ಎಂಟ ಇಂಚಿಂದು ರೊಟ್ಟಿ ಅಲ್ಲವಾ, ಹಪ್ಪಳ.” ಒಂದು ವಾರ ಮಾತುಕತೆ ನಡೆಯಿತು. ಕಡೆಗೆ ಎಂಟು ಇಂಚಿನದು ಒಡೆಯುವುದು ಕಡಿಮೆ ಅಂತ ಕಣ್ಣಾರೆ ಕಂಡ ಮೇಲೆ ಒಪ್ಪಿದರು. ಒಡೆದ ಚೂರು ಮೊದಲು ದಿನಕ್ಕೊಂದು ಬುಟ್ಟಿ ಆಗುತ್ತಿತ್ತು, ಈಗ ಅರ್ಧಕ್ಕೂ ಕಡಿಮೆ. ಆ ಚೂರನ್ನೂ ಒಗ್ಗರಣೆ ಹಾಕಿ ತಿನ್ನುವವರಿಗೆ ತೂಕದ ಮೇಲೆ ಕೊಡುತ್ತೇವೆ. ಡಬ್ಬಿಗೆ ರೊಟ್ಟಿಯನ್ನು ಹೊಂದಿಸುವುದು ಉಲ್ಟಾ ಅನ್ನಿಸಬಹುದು. ಆದರೆ ಮಾಲೂ ಡಬ್ಬಿಯೂ ಒಟ್ಟಿಗೆ ಹುಟ್ಟಿದರೆ ಎರಡಕ್ಕೂ ಒಳ್ಳೆಯದು. ಕೊಲ್ಹಾರದ ಮೊಸರಿನ ಗಡಿಗೆ ನೋಡಿ, ಮೊಸರನ್ನು ಹಿಡಿದಿಡುವುದರ ಜೊತೆಗೆ ಅದರ ನೀರು ಹೀರಿ ಗಟ್ಟಿ ಮಾಡುವ ಕೆಲಸವನ್ನೂ ಮಾಡುತ್ತದೆ.

ಎರಡನೇ ತೊಡಕು ಠೇವಣಿ. ಡಬ್ಬಿಗೆ ನಮಗೆ ಬಿದ್ದದ್ದು 240 ರೂಪಾಯಿ. ಗಿರಾಕಿಗೆ ಭಾರವಾಗಬಾರದು ಅಂತ ಠೇವಣಿ 100 ಇಟ್ಟೆ. ನಲವತ್ತು ಡಬ್ಬಿ ಹೋದವು, ಇಪ್ಪತ್ತೆರಡು ಬಂದವು. ನೂರು ರೂಪಾಯಿಗೆ ಹೊಸ ಸ್ಟೀಲ್ ಡಬ್ಬಿ ಸಿಕ್ಕರೆ ಯಾರು ವಾಪಸ್ ಕೊಡುತ್ತಾರೆ? ನಾನಿದ್ದರೂ ಕೊಡುತ್ತಿರಲಿಲ್ಲ, ಸಜ್ಜಿ ತುಂಬಿ ಇಡುತ್ತಿದ್ದೆ.

ಆಮೇಲೆ ಎರಡು ಕೆಲಸ ಮಾಡಿದೆವು. ಠೇವಣಿ 200ಕ್ಕೆ ಏರಿಸಿದೆವು. ಭಾಂಡಿ ಅಂಗಡಿಯಲ್ಲಿ ಮುಯ್ಯಿ ಪಾತ್ರೆಗೆ ಹೆಸರು ಹಾಕುವ ಮಷೀನು ಇರುತ್ತದಲ್ಲ, ಅದರಲ್ಲಿ ಪ್ರತಿ ಡಬ್ಬಿಯ ಮೇಲೆ ನಮ್ಮ ಸಂಘದ ಹೆಸರು ಮತ್ತು ಒಂದು ನಂಬರ್ ಕೆತ್ತಿಸಿದೆವು, ಹತ್ತು ರೂಪಾಯಿಗೆ ಒಂದರಂತೆ. ಠೇವಣಿಗಿಂತ ಹೆಸರೇ ಹೆಚ್ಚು ಕೆಲಸ ಮಾಡಿತು ಅಂತ ನನ್ನ ಎಣಿಕೆ. ಬೇರೆಯವರ ಹೆಸರಿನ ಪಾತ್ರೆ ಮನೆಯಲ್ಲಿ ಇದ್ದರೆ ನಮ್ಮ ಕಡೆ ಬೀಗರು ಬಂದಾಗ ಮುಜುಗರ.

ಲೆಕ್ಕ ಹೀಗೆ ಹಾಕಿ. ಮೊದಲಿನ ಪ್ಲಾಸ್ಟಿಕ್ ಹಾಳೆ, ರಟ್ಟಿನ ಡಬ್ಬ ಸೇರಿ ಒಂದು ಸಲಕ್ಕೆ ನಮಗೆ 14 ರೂಪಾಯಿ. ಸ್ಟೀಲ್ ಡಬ್ಬಿ ತೊಳೆದು ಒಣಗಿಸಲು ಸಲಕ್ಕೆ 3 ರೂಪಾಯಿ. ಉಳಿತಾಯ 11. ಕೆತ್ತನೆ ಸೇರಿ ಡಬ್ಬಿಯ ಬೆಲೆ 250, ಅಂದರೆ 23 ಸಲ ತಿರುಗಿದರೆ ಅಸಲು ಬಂತು. ವಾರಕ್ಕೊಮ್ಮೆ ಒಯ್ಯುವ ಮನೆಯಾದರೆ ಆರು ತಿಂಗಳೊಳಗೆ. ಆದರೆ ಇಪ್ಪತ್ತು ಸಲಕ್ಕೊಂದು ಡಬ್ಬಿ ಕಳೆದರೆ ಅಸಲು ಬರುವ ಮೊದಲೇ ಅದು ಹೋಯಿತು ಅಂತ ಲೆಕ್ಕ. ಠೇವಣಿ 200 ಕೈಯಲ್ಲಿದ್ದರೆ ಮೊದಲ ಸಲವೇ ಕಳೆದರೂ ಡಬ್ಬಿಯ ಮೇಲಿನ ನಷ್ಟ 50 ಮಾತ್ರ. ಠೇವಣಿಯನ್ನು ಸಂಕೋಚದಿಂದ ಇಡಬೇಡಿ.

ಬೆಂಗಳೂರಿಗೆ ಡಬ್ಬಿ ಕಳಿಸುವುದಿಲ್ಲ. ಖಾಲಿ ಡಬ್ಬಿ ತರಿಸುವ ಪಾರ್ಸಲ್ ಖರ್ಚಿನಲ್ಲೇ ಉಳಿತಾಯವೆಲ್ಲ ಹೋಗುತ್ತದೆ. ಅಲ್ಲಿಗೆ ಪಾಲಿಥೀನ್ ಹಾಳೆ, ಹೊರಗೆ ರಟ್ಟಿನ ಡಬ್ಬ. ದೂರಕ್ಕೆ ಒಂದು, ಹತ್ತಿರಕ್ಕೆ ಒಂದು, ಹೀಗೆ ಎರಡು ಪದ್ಧತಿ ಇಟ್ಟುಕೊಂಡರೆ ನಾಚಿಕೆಯೇನಿಲ್ಲ.

ಗಾಜಿನ ಬರಣಿ, ಮುಚ್ಚಳ, ಅಂಟು

ಊರಿನ ಗಿರಾಕಿಗಳಿಗೆ ಹಿಂಡಿ ಈಗ ಗಾಜಿನ ಬರಣಿಯಲ್ಲಿ. ನೋಡಲು ಬೇರೆ ಬೇರೆ ಆಕಾರದ ಬರಣಿ ತರಿಸುವ ಆಸೆ ಆಗುತ್ತದೆ, ತಡೆದುಕೊಳ್ಳಿ. ಉಪ್ಪಿನಕಾಯಿ, ಜೇನುತುಪ್ಪದವರು ಬಳಸುವ ಸಾದಾ ಬರಣಿಯೇ ಸಾಕು, ಒಡೆದರೆ ಮತ್ತೊಂದು ಸಿಗುತ್ತದೆ. ಸಣ್ಣದು ದೊಡ್ಡದು ಎರಡೂ ಇದ್ದರೆ ಬಾಯಿಯ ಅಳತೆ ಒಂದೇ ಇರಲಿ. ಬರಣಿಗಿಂತ ಮುಚ್ಚಳ ಬೇಗ ಹಾಳಾಗುತ್ತದೆ. ಮುಚ್ಚಳದ ಒಳಗಿನ ಮೆತ್ತನೆಯ ಉಂಗುರ ಬೆಳ್ಳುಳ್ಳಿಯ ನಾತ ಹೀರಿಕೊಂಡಿತೆಂದರೆ ಎಷ್ಟು ತೊಳೆದರೂ ಬಿಡುವುದಿಲ್ಲ. ಒಂದೇ ಅಳತೆಯಾದರೆ ಮುಚ್ಚಳವನ್ನಷ್ಟೇ ಒಂದೇ ಕಟ್ಟಿನಲ್ಲಿ ತರಿಸಬಹುದು. ತೊಳೆದ ಬರಣಿಯನ್ನು ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸಿ, ತುಂಬುವ ಮೊದಲು ಮೂಗು ಹಚ್ಚಿ ನೋಡಿ.

ಲೇಬಲ್ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ರೆಡಿ ಅಂಟಿನ ಸ್ಟಿಕ್ಕರ್ ತೆಗೆಯಲು ನಮ್ಮ ಹುಡುಗಿಯರು ಸೀಮೆಎಣ್ಣೆ ಸವರಿ, ಬ್ಲೇಡಿನಿಂದ ಕೆರೆದು, ಬೆರಳು ಕುಯ್ದುಕೊಂಡು, ಕಡೆಗೆ ಬರಣಿಗೆ ಸೀಮೆಎಣ್ಣೆ ನಾತ ಹಿಡಿಸಿದರು. ಈಗ ಸಾದಾ ಕಾಗದದ ಲೇಬಲ್, ಕುದಿಸಿದ ಮೈದಾ ಅಂಟು. ಒಣಗಿದ ಮೇಲೆ ಗಟ್ಟಿಯಾಗಿ ಕೂಡುತ್ತದೆ, ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಜಾರಿಕೊಂಡು ಬರುತ್ತದೆ. ದಾರದಿಂದ ಕಟ್ಟುವ ಚೀಟಿ ಇನ್ನೂ ಸುಲಭ ಅನ್ನಿಸೀತು, ಆದರೆ ಲೇಬಲ್ ಡಬ್ಬಿಯಿಂದ ಬೇರೆಯಾಗುವಂತಿರಬಾರದು ಅಂತ ಆಹಾರ ಸುರಕ್ಷತೆಯ ನಿಯಮವಿದೆ. ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೊಟ್ಟ 14 ಅಂಕಿಯ ನಂಬರು, ತೂಕ, ಬೆಲೆ, ತಯಾರಿಸಿದ ದಿನ, ಎಲ್ಲ ಅದರ ಮೇಲೆಯೇ ಇರಬೇಕು. ದಿನಾಂಕಕ್ಕೆ ನಾವು ರಬ್ಬರ್ ಠಸ್ಸೆ ಇಟ್ಟಿದ್ದೇವೆ, ಅಚ್ಚು ಹಾಕಿಸಿದ ಲೇಬಲ್ ಹಾಗೆ ದಂಡವಾಗುವುದಿಲ್ಲ.

ಹೊರಗಿನ ರಟ್ಟಿನ ಡಬ್ಬ ಹೊಸದು ಕೊಳ್ಳುವುದನ್ನೇ ಬಿಟ್ಟಿದ್ದೇವೆ, ಕಿರಾಣಿ ಅಂಗಡಿಯವರು ಹಳೆಯದು ಕೊಡುತ್ತಾರೆ. ಆದರೆ ಸಾಬೂನು, ಊದಿನಕಡ್ಡಿ ಬಂದ ಡಬ್ಬ ಮುಟ್ಟಬೇಡಿ. ಒಮ್ಮೆ ಗಡಿಬಿಡಿಯಲ್ಲಿ ಸಾಬೂನಿನ ಡಬ್ಬದಲ್ಲಿ ಕಳಿಸಿ, “ರೊಟ್ಟಿಗೆ ಜಳಕದ ವಾಸನಿ ಬರ್ತೈತ್ರೀ” ಅಂತ ಫೋನ್ ಬಂದಿತ್ತು. ಬಿಸ್ಕತ್ತಿನ ಡಬ್ಬ ಉತ್ತಮ. ಪ್ಲಾಸ್ಟಿಕ್ ಟೇಪು ಸುತ್ತುವ ಬದಲು ಸುತಳಿ ಕಟ್ಟಿ. ರದ್ದಿಯವರಿಗೂ ಅನುಕೂಲ, ಬಿಚ್ಚಿದವರು ಸುತಳಿಯನ್ನು ಎತ್ತಿಡುತ್ತಾರೆ. ರದ್ದಿ ಪೇಪರನ್ನು ಹೊರಗೆ ಮೆತ್ತೆಯಾಗಿ ಬೇಕಾದರೆ ತುಂಬಿ, ತಿನ್ನುವ ಮಾಲಿಗೆ ತಾಗಿಸಬೇಡಿ. 2018ರ ಪ್ಯಾಕೇಜಿಂಗ್ ನಿಯಮ ಅದನ್ನು ನಿಷೇಧಿಸಿದೆ, ಅಚ್ಚಿನ ಮಸಿ ಹೊಟ್ಟೆಗೆ ಒಳ್ಳೆಯದಲ್ಲ.

ಮೋಸ ಹೋಗುವ ಎರಡು ಜಾಗ ಹೇಳಿಬಿಡುತ್ತೇನೆ. ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲ ಅರಿವೆಯಲ್ಲ, ಪಾಲಿಪ್ರೊಪಿಲಿನ್ ಪ್ಲಾಸ್ಟಿಕ್. ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾದದ್ದಕ್ಕೆ 2021ರ ಸೆಪ್ಟೆಂಬರ್ 30ರಿಂದಲೇ ನಿಷೇಧವಿದೆ. ಕೇಂದ್ರದ ನಿಯಮದ ಪ್ರಕಾರ ಮಾಮೂಲಿ ಪ್ಲಾಸ್ಟಿಕ್ ಕೈಚೀಲ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳುವಾಗಿರುವಂತಿಲ್ಲ. ಇನ್ನೊಂದು, ‘ಮಣ್ಣಲ್ಲಿ ಕರಗುತ್ತದೆ’ ಅಂತ ಮಾರುವ ಚೀಲ. ನಾನು ಕೊಂಡದ್ದನ್ನು ಹಿತ್ತಲ ತಿಪ್ಪೆಯಲ್ಲಿ ಹೂತು ದೀಪಾವಳಿಯಿಂದ ಯುಗಾದಿಯವರೆಗೆ ಬಿಟ್ಟೆ, ತೆಗೆದರೆ ಅಕ್ಷರವೂ ಅಳಿಸಿರಲಿಲ್ಲ. ನಿಜವಾಗಿ ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೆ ಐಎಸ್/ಐಎಸ್‌ಒ 17088 ಎಂಬ ಮಾನದಂಡ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಎರಡೂ ಇರಬೇಕು. ಇದ್ದರೂ ಅಂಥ ಬಹಳಷ್ಟು ಚೀಲಗಳಿಗೆ 60 ಡಿಗ್ರಿಯ ಹತ್ತಿರ ಬಿಸಿಯಾಗುವ ದೊಡ್ಡ ಗೊಬ್ಬರ ಘಟಕ ಬೇಕು, ಹಿತ್ತಲ ತಿಪ್ಪೆಗೆ ಅದು ಆಗುವ ಮಾತಲ್ಲ. ಹಾಲಿನ ಪಾಕೀಟಿನ ಜೊತೆ ಸೇರಿದರೆ ಅದನ್ನೂ ಕೆಡಿಸುತ್ತದೆ ಅಂತ ಚಾಚಾ ಅದನ್ನು ಅಂಗಡಿಯೊಳಗೇ ಬಿಟ್ಟುಕೊಳ್ಳುವುದಿಲ್ಲ.

ಈಗ ಡಬ್ಬಿಯಲ್ಲಿ ಉಳಿದಿರುವ ಒಂದೇ ತಕರಾರು ಇರುವೆ. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅಂತ ನಮ್ಮಲ್ಲಿ ಪದ್ಧತಿ. ಹಾಗಾಗಿ ಡಬ್ಬಿ ಮರಳಿ ಬರುವಾಗ ಒಳಗೆ ಒಂದು ಹಿಡಿ ಸಕ್ಕರೆ, ಇಲ್ಲ ಬೆಲ್ಲದ ಚೂರು ಇರುತ್ತದೆ. ಮುಚ್ಚಳದೊಳಗೆ ‘ದಯವಿಟ್ಟು ಖಾಲಿ ಕಳಿಸಿ’ ಅಂತ ಚೀಟಿ ಅಂಟಿಸಿ ನೋಡಿದೆವು. 17ನೇ ನಂಬರಿನ ಡಬ್ಬಿ ಸೊಲ್ಲಾಪುರಕ್ಕೆ ಹೋದದ್ದು ಹದಿನಾಲ್ಕು ತಿಂಗಳು ಬರಲಿಲ್ಲ, ವಹಿಯಲ್ಲಿ ಅದಕ್ಕೆ ಗೀಟು ಹಾಕಿಬಿಟ್ಟಿದ್ದೆವು. ಸಿದ್ಧೇಶ್ವರ ಜಾತ್ರೆಗೆ ಬಂದವರು ಹೋದ ಸಂಕ್ರಾಂತಿಗೆ ತಂದುಕೊಟ್ಟರು. ಚೀಟಿ ಹಾಗೇ ಇತ್ತು, ಅದರ ಕೆಳಗೆ ಡಬ್ಬಿ ತುಂಬ ಎಳ್ಳು ಬೆಲ್ಲ.